ಯಾವ ಅಡವಿ

೨೦೦೩ರ ಫೆಬ್ರವರಿ ಮೂರು, ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಸವನ ಬಾಗೇವಾಡಿ ಸೀಮೆಯ ಸಣ್ಣದೊಂದು ಠಾಣೆಗೆ ಗಂಡ ಹೆಂಡತಿ ಬಂದರು. ಗಂಡ ಹೊರಗೆ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಹೆಂಡತಿ ನಿಲ್ಲಲಿಲ್ಲ. ಸೀದಾ ಒಳಗೆ ಬಂದು ಪಿಎಸ್‌ಐ ಶ್ರೀಶೈಲಪ್ಪನ ಮೇಜಿನ ಎದುರು ನಿಂತಳು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ನನ್ನ ಮಗನ್ನ ಹುಡುಕಿ ಕೊಡ್ರಿ, ಸಾಹೇಬ್ರ."

"ನಿಮ್ಮ ಹೆಸರು?"

"ಗುಂಡವ್ವ. ಹೊರಗ ನಿಂತಾವ್ರು ನಮ್ಮ ಮನಿಯವ್ರು, ಮಾನಪ್ಪ. ಎರಿಹಾಳದವ್ರು. ಆಚಿ ಓಣ್ಯಾವ್ರು."

ಆಚೆ ಓಣಿ ಎಂದರೆ ಯಾವ ಓಣಿ, ಯಾರದು ಎಂದು ಈ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತು. ಶ್ರೀಶೈಲಪ್ಪನೂ ಕೇಳಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮೈಬೂಬನಿಗೆ ಬರೆದುಕೊಳ್ಳಲು ಸನ್ನೆ ಮಾಡಿದ.

ಮಗನ ಹೆಸರು ಪ್ರೇಮಕುಮಾರ. ವಯಸ್ಸು ಇಪ್ಪತ್ತೆರಡು. ಸಿಂದಗಿಯಲ್ಲಿ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ. ಮುದ್ದೇಬಿಹಾಳದ ಜಿಲ್ಲಾ ಸೈಕಲ್ ಓಟದಲ್ಲಿ ಎರಡು ವರ್ಷ ಮೊದಲನೆಯವನಾಗಿ ಬಂದವನು. ಜನವರಿ ಇಪ್ಪತ್ತೊಂದಕ್ಕೆ ಎರಿಹಾಳದ ಮಡಿವಾಳಪ್ಪ ಗೌಡರ ಮಗ ಅನಿಲನ ಜೊತೆ ಸೈಕಲ್ ಮೇಲೆ ಹೊರಟಿದ್ದ. ಕೊಲ್ಹಾರ, ಬಾಗಲಕೋಟೆ, ಧಾರವಾಡ, ದಾಂಡೇಲಿ. ಅಲ್ಲಿಂದ ಅಣಶಿ ರಾಷ್ಟ್ರೀಯ ಉದ್ಯಾನದ ನಡುವೆ ಹಾಯ್ದು ಕಾರವಾರದ ಸಮುದ್ರ ಮುಟ್ಟಿ, ಬಂದ ದಾರಿಯಲ್ಲೇ ಫೆಬ್ರವರಿ ಒಂದಕ್ಕೆ ಊರು ಸೇರುವುದು. ಅನಿಲ ಸೇರಿದ. ಪ್ರೇಮಕುಮಾರ ಸೇರಲಿಲ್ಲ.

"ಅನಿಲ ಏನಂತಾನ?"

"ಹೋಗಬೇಕಾದ್ರನ ಕಾಳಿ ಹೊಳ್ಯಾಗ ಜಳಕಕ್ಕ ಇಳಿದ, ಮ್ಯಾಲ ಬರಲಿಲ್ಲ ಅಂತಾನ್ರಿ. ಮೊಸಳಿ ಅದಾವಂತ ಅಲ್ಲಿ."

ಹೊರಗಿನಿಂದ ಮಾನಪ್ಪ ಮೊದಲ ಸಲ ಬಾಯಿ ತೆರೆದ. "ಅಂವಗ ಈಸಾಕ ಬರೂದಿಲ್ರಿ. ಮೊಣಕಾಲ ತನಾ ನೀರಿದ್ರೂ ಹೆದರ್ತಿದ್ದ."

"ನಿಮಗ ಯಾರ ಮ್ಯಾಲರ ಸಂಶಯ ಐತೇನು?" ಎಂದು ಶ್ರೀಶೈಲಪ್ಪ ಗುಂಡವ್ವನನ್ನು ಕೇಳಿದ.

"ಸಂಶಯ ತಗೊಂಡು ಏನ್ ಮಾಡ್ಲಿ? ಮಗ ಬೇಕು. ಜೀವಂತ ಇದ್ರ ಜೀವಂತ. ಇಲ್ಲಂದ್ರ ಮಣ್ಣು ಕೊಡಾಕರ ಸಿಗಬೇಕು."

ಹನ್ನೊಂದು ನಲವತ್ತಕ್ಕೆ ಕಾಣೆಯಾದ ವ್ಯಕ್ತಿಯ ಪ್ರಕರಣವೆಂದು ಎಫ್‌ಐಆರ್ ಆಯಿತು. ಗುಂಡವ್ವ ಮನೆಗೆ ಹೋಗಲಿಲ್ಲ. ಹೋಗಿ ಎಂದರೂ ಬೇವಿನ ಮರದ ಕೆಳಗೆ ಕೂತಳು. ಮರುದಿನವೂ ಬಂದು ಕೂತಳು, ಅದರ ಮರುದಿನವೂ.

ಶ್ರೀಶೈಲಪ್ಪ ಇಂಡಿ ತಾಲ್ಲೂಕಿನ ಅಗರಖೇಡದವನು. ಏಳು ವರ್ಷ ಮೈಸೂರು ಸೀಮೆಯಲ್ಲಿ ನೌಕರಿ ಮಾಡಿ ಹೋದ ವರ್ಷವಷ್ಟೇ ಈ ಕಡೆ ಬಂದಿದ್ದ. ಅಲ್ಲಿ ಇವನ ಮಾತು ಕೇಳಿ ಮೇಲಿನವರು ನಕ್ಕಿದ್ದರು. ನಕ್ಕು ನಕ್ಕು ಇವನ ನಾಲಿಗೆಯನ್ನು ಚೊಕ್ಕ ಮಾಡಿ ಕಳಿಸಿದ್ದರು. ಈಗ ವರದಿ ಬರೆಯುವುದರಲ್ಲಿ ಇವನದು ಎತ್ತಿದ ಕೈ. ಯಾರು ಏನೇ ಆಡಲಿ, ಪೆನ್ನು ಬಿಡುವಷ್ಟರಲ್ಲಿ ಅದು ಶುದ್ಧ ಗ್ರಂಥದ ಕನ್ನಡವಾಗುತ್ತಿತ್ತು. ಆ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಂದೇ ಮಧ್ಯಾಹ್ನ ಎರಿಹಾಳಕ್ಕೆ ಹೋದಾಗ ಊರ ಹೆಬ್ಬಾಗಿಲಾದ ಅಗಸಿಯ ಕಲ್ಲಿನ ಕಮಾನಿಗೆ ಚೆಂಡುಹೂವಿನ ತೋರಣ ಇನ್ನೂ ನೇತಾಡುತ್ತಿತ್ತು. ಹೂವು ಒಣಗಿ ಕಂದಾಗಿದ್ದವು. ಸೈಕಲ್ ವೀರರ ಸ್ವಾಗತಕ್ಕೆ ಕಟ್ಟಿಸಿದ್ದು ಎಂದು ಮಡಿವಾಳಪ್ಪ ಗೌಡ ತಾನೇ ಹೇಳಿದ. ಅಚ್ಚ ಬಿಳಿ ಧೋತರ, ಹೆಗಲಿಗೆ ಶಾಲು, ಮಾತಿನಲ್ಲಿ ಬೇಕಾದಷ್ಟು ದುಃಖ. ಬೇಡವೆಂದರೂ ಚಹಾ ತರಿಸಿದ.

ಅನಿಲ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಬಿಸಿಲಿಗೆ ಮುಖ ಸುಲಿದಿತ್ತು.

"ಯಾವಾಗ ಆತು?"

"ಇಪ್ಪತ್ತೈದಕ್ರಿ."

"ಅಲ್ಲಿ ಪೊಲೀಸರಿಗೆ ಹೇಳಿದೇನು?"

"ಹೆದರಿದೆ. ಹೇಳಲಿಲ್ಲ."

"ಅವನ ಸೈಕಲ್?"

"ದಂಡಿ ಮ್ಯಾಲಿತ್ತು. ಹುಡುಕ್ಯಾಡಿ ಬರೂದ್ರಾಗ ಯಾರೋ ಒಯ್ದಿದ್ರು."

"ಇಪ್ಪತ್ತೈದಕ್ಕ ತಿರುಗಿದಾಂವ ಒಂದನೇ ತಾರೀಖಿಗೆ ಬಂದಿ. ಇಷ್ಟು ದಿನ ಎಲ್ಲಿದ್ದಿ?"

"ಹುಡುಕಿದೆನ್ರಿ." ಹುಡುಗ ತಂದೆಯ ಕಡೆ ನೋಡಿದ. ಗೌಡ ಚಹಾದ ಬಟ್ಟಲು ಮುಂದೆ ಸರಿಸಿದ.

ಅನಿಲನ ತಾಯಿ ಹೊನ್ನವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇಷ್ಟಲಿಂಗದ ದಾರ ಹಿಡಿದುಕೊಂಡಿದ್ದಳು. ಅವಳನ್ನೂ ಕೇಳಬೇಕು, ಕೇಳಿದ.

"ನಮ್ಮ ಹುಡುಗ ಬಂದ," ಎಂದಳು. "ಅಂವ ಅಡವ್ಯಾಗ ಉಳಿದ. ನನಗ ಗೊತ್ತಿದ್ದದ್ದು ಇಷ್ಟ."

ಗೌಡ ಕೆಮ್ಮಿದ. ಶ್ರೀಶೈಲಪ್ಪ ಬರೆದುಕೊಂಡ: 'ಸದರಿ ಪ್ರೇಮಕುಮಾರನು ಅರಣ್ಯದಲ್ಲಿಯೇ ಉಳಿದಿರುತ್ತಾನೆಂದು ನನ್ನ ಮಗನಿಂದ ತಿಳಿದುಬಂದಿರುತ್ತದೆ.' ಓದಿ ಹೇಳಿದ. ಹೊನ್ನವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಕಡೆ ನೋಡಿದಳು. "ನೀವು ಬರದದ್ದು ನನಗೇನ್ ತಿಳೀತೈತ್ರಿ," ಎಂದು ಹೆಬ್ಬೆಟ್ಟು ಒತ್ತಿದಳು.

ಜೋಯಿಡಾ ಠಾಣೆಗೆ ವೈರ್‌ಲೆಸ್ ಹೋಯಿತು. ಅಂಥ ಶವ ಸಿಕ್ಕಿಲ್ಲ, ಅಂಥ ದೂರೂ ಬಂದಿಲ್ಲ ಎಂದು ಉತ್ತರ ಬಂತು. ಐದನೇ ತಾರೀಖು ಶ್ರೀಶೈಲಪ್ಪ ಮೈಬೂಬನನ್ನು ಕರೆದುಕೊಂಡು ಜೀಪಿನಲ್ಲಿ ಹೊರಟ. ಏನಾದರೂ ಸಿಕ್ಕರೆ ಗುರುತು ಹಿಡಿಯಲು ಮಾನಪ್ಪನೂ ಬೇಕಾಗಿತ್ತು. ಮಗನ ಫೋಟೊ ಅವನ ಅಂಗಿಯ ಕಿಸೆಯಲ್ಲಿತ್ತು. ದಾರಿಯುದ್ದಕ್ಕೂ ಮಾನಪ್ಪ ಕಿಟಕಿಯ ಆಚೆ ನೋಡುತ್ತ ಕೂತ. ಯರಗಟ್ಟಿಯ ಏರಿನಲ್ಲಿ ಜೀಪು ಏದುಸಿರು ಬಿಟ್ಟಾಗ ಮಾತ್ರ, "ಇದನ್ನ ಹುಡುಗ್ರು ತುಳಕೊಂಡು ಹತ್ಯಾರಲ್ರಿ," ಎಂದ. ದಾಂಡೇಲಿ ದಾಟಿ ಎರಡೂ ಕಡೆ ಕಾಡು ಒತ್ತಿಕೊಂಡು ಬಂದಾಗ, "ಇಷ್ಟು ಗಿಡ ನಾ ನೋಡಿರಲಿಲ್ಲ," ಎಂದ.

ಅರಣ್ಯ ಇಲಾಖೆಯವರು ದೋಣಿ ಕೊಟ್ಟರು, ಜನ ಕೊಟ್ಟರು. ಅನಿಲ ಹೇಳಿದ ದಂಡೆಯ ಮೇಲೆ ಒಂದೂವರೆ ದಿನ ಕೋಲು ಹಾಕಿ ನೋಡಿದರು. ಮೊಸಳೆಗಳು ಇದ್ದವು, ಬಂಡೆಯ ಮೇಲೆ ಬಿಸಿಲು ಕಾಯುತ್ತ ಬಿದ್ದಿದ್ದವು. ಒಂದು ಬಟ್ಟೆಯ ಚೂರೂ ಸಿಗಲಿಲ್ಲ. ಮಾನಪ್ಪ ಪ್ರತಿ ಸಲ ಕೋಲು ಮೇಲೆದ್ದಾಗಲೂ ಎದ್ದು ನಿಲ್ಲುತ್ತಿದ್ದ, ಮತ್ತೆ ಕೂಡುತ್ತಿದ್ದ.

ಏಳನೇ ತಾರೀಖು ಮಧ್ಯಾಹ್ನ ಕಾಡಿನ ಗೇಟಿನ ಹತ್ತಿರ ಚಹಾ ಅಂಗಡಿಗೆ ಬಂದರು. ಅಂಗಡಿ ಜೋಹರಾಬಿಯದು, ಹಳಿಯಾಳ ಕಡೆಯ ಹೆಂಗಸು. ಮೈಬೂಬ ಫೋಟೊ ತೋರಿಸಿದ.

"ಈ ಹುಡುಗ ಎರಡು ಸಲ ಬಂದಿದ್ದನಲ್ರಿ," ಎಂದಳು. "ಹೋಗುವಾಗೊಮ್ಮೆ, ಬರುವಾಗೊಮ್ಮೆ."

ಶ್ರೀಶೈಲಪ್ಪ ಬಟ್ಟಲು ಕೆಳಗಿಟ್ಟ. "ಬರುವಾಗ? ಎಲ್ಲಿಂದ ಬರುವಾಗ?"

"ಕಾರವಾರದಿಂದ. ಝಂಡಾ ಹಾರಿಸಿದ ಮಾರನೇ ದಿನ."

"ಒಬ್ಬನೇ ಇದ್ದನೇ?"

"ಇಬ್ಬರೂ ಇದ್ದರು. ಈ ಹುಡುಗ ಸೈಕಲ್ಲಿನ ಬಾಟಲಿ ತುಂಬ ಸಮುದ್ರದ ನೀರು ತಂದಿದ್ದ. ನಮ್ಮವ್ವ ಸಮುದ್ರ ನೋಡಿಲ್ಲ, ಅದಕ್ಕೆ ಒಯ್ಯಾಕತ್ತೇನಿ ಅಂದ. ನಾನು ನಕ್ಕೆ. ಹಾಗಾದರೆ ನೀನು ಏನು ಕುಡೀತಿಯೋ ಮಾರಾಯ ಅಂದೆ. ಇವನ ಬಾಟಲಿ ಐತಲ್ಲ, ಒಂದರಾಗ ಕುಡೀತೇವಿ ಅಂತ ಆ ಇನ್ನೊಬ್ಬ ಹುಡುಗನ ಹೆಗಲ ಮೇಲೆ ಕೈ ಹಾಕಿದ."

ಮಾನಪ್ಪ ಬೆಂಚಿನ ಮೇಲೆ ಕೂತಿದ್ದವನು ತಲೆ ಎತ್ತಿದ. "ಒಂದ ಬಾಟ್ಲ್ಯಾಗ?" ಎಂದು ಕೇಳಿದ. "ಗೌಡ್ರ ಹುಡುಗನ ಬಾಟ್ಲ್ಯಾಗ?" ಮಗ ಸತ್ತಿರಬಹುದು ಎನ್ನುವುದಕ್ಕಿಂತ ಇದೇ ಅವನಿಗೆ ನಂಬಲು ಕಷ್ಟವಾಗಿತ್ತು.

ಅಂದರೆ ಇಬ್ಬರೂ ಕಾಡು ದಾಟಿ ಹೋಗಿ, ದಾಟಿ ಬಂದಿದ್ದರು. ಅನಿಲ ಸುಳ್ಳು ಹೇಳಿದ್ದ. ಆದರೆ ಇಲ್ಲಿಂದ ಎರಿಹಾಳದ ತನಕ ನೂರಾರು ಕಿಲೋಮೀಟರ್ ರಸ್ತೆ. ಹುಡುಗ ಎಲ್ಲಿ ಬಿದ್ದಿದ್ದಾನೆ ಎಂದು ಯಾವ ಊರಿನ ಯಾವ ಹಳ್ಳದಲ್ಲಿ ಹುಡುಕುವುದು?

ಪಕ್ಕದಲ್ಲೇ ಎಸ್‌ಟಿಡಿ ಬೂತ್ ಇತ್ತು. ಮೇಲಧಿಕಾರಿಗೆ ಫೋನು ಮಾಡಿದ ಮೇಲೆ ಶ್ರೀಶೈಲಪ್ಪ ಹಾಗೇ ಅಗರಖೇಡದ ಮನೆಗೂ ಮಾಡಿದ. ತಾಯಿಗೆ ವಾರದಿಂದ ಜ್ವರ ಇತ್ತು. ತಮ್ಮನ ಹೆಂಡತಿ ರಾಜೇಶ್ವರಿ ಎತ್ತಿದಳು.

"ಅವ್ವ ಎಲ್ಲಿ? ಕೊಡು."

"ಅತ್ತಿ ಮನ್ಯಾಗಿಲ್ರಿ ಭಾವಾರ. ಅಡವಿಗೆ ಹೋಗ್ಯಾರ."

"ಜ್ವರದಾಗ?"

"ಹೇಳಿದ್ರ ಕೇಳಬೇಕಲ್ರಿ. ಕಡ್ಲಿ ಕೀಳಾಕ ಆಳು ಬಂದಾವ, ನಾ ಅಡವ್ಯಾಗ ಇರಬೇಕು ಅಂತ ಮುಂಜಾನಿನ ಹೋದ್ರು."

ಶ್ರೀಶೈಲಪ್ಪ ರಿಸೀವರ್ ಕಿವಿಗೆ ಹಿಡಿದೇ ನಿಂತ. ಗಾಜಿನ ಆಚೆ, ಕಣ್ಣು ಹಾಯುವಷ್ಟು ದೂರ, ಆಕಾಶ ಕಾಣದಷ್ಟು ಮರ. ಅವನ ತಾಯಿ ಹುಟ್ಟಿದಾಗಿನಿಂದ ಇಂಥದ್ದನ್ನು ಕಂಡವಳಲ್ಲ. ಆದರೂ ದಿನಾ ಅಡವಿಗೆ ಹೋಗುತ್ತಿದ್ದಳು. ಬುತ್ತಿ ಕಟ್ಟಿಕೊಂಡು ಅಡವಿಗೆ, ಎತ್ತು ಹೊಡೆದುಕೊಂಡು ಅಡವಿಗೆ. ಅವನ ಸೀಮೆಯಲ್ಲಿ ಊರು ಬಿಟ್ಟು ಆಚೆಗಿನ ಹೊಲವೆಲ್ಲ ಅಡವಿಯೇ. ಅವನೂ ಹಾಗೇ ಅಂದುಕೊಂಡು ಬೆಳೆದವನು. ಸಾಲಿ ಬಿಟ್ಟ ಮೇಲೆ ಪಾಟೀಚೀಲ ಎಸೆದು ಓಡುತ್ತಿದ್ದದ್ದು ಅಡವಿಗೇ.

ಹೊನ್ನವ್ವ ಅಡವಿ ಎಂದಿದ್ದಳು. ಅರಣ್ಯ ಎಂದು ಬರೆದವನು ಅವನು.

"ಮೈಬೂಬ, ಗಾಡಿ ತೆಗಿ," ಎಂದ. ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಧ್ವನಿ ಒಡೆದಿತ್ತು. ಯಾಕೆಂದು ಕೇಳುವ ಧೈರ್ಯ ಮೈಬೂಬನಿಗೆ ಆಗಲಿಲ್ಲ.

ಎಂಟನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಎರಿಹಾಳ. ಗೌಡನನ್ನೂ ಅನಿಲನನ್ನೂ ಹೇಳಿಕೆಗೆಂದು ಮೊದಲೇ ಠಾಣೆಗೆ ಕರೆಸಿಕೊಂಡಿದ್ದರು. ಹೊನ್ನವ್ವ ಒಬ್ಬಳೇ ಹಿತ್ತಲಲ್ಲಿ ಬೀಸುವ ಕಲ್ಲಿನ ಹತ್ತಿರ ಕೂತಿದ್ದಳು. ಕಲ್ಲು ತಿರುಗುತ್ತಿರಲಿಲ್ಲ.

ಶ್ರೀಶೈಲಪ್ಪ ಟೊಪ್ಪಿಗೆ ತೆಗೆದು ಅವಳೆದುರು ನೆಲದ ಮೇಲೆ ಕೂತ.

"ಅವ್ವಾರ, ಅವತ್ತ ಅಡವ್ಯಾಗ ಉಳಿದ ಅಂದ್ರಿ. ಯಾವ ಅಡವಿ?"

ಅವಳು ಕಲ್ಲಿನ ಗೂಟ ಹಿಡಿದು ಅರ್ಧ ಸುತ್ತು ತಿರುಗಿಸಿ ಬಿಟ್ಟಳು.

"ನಮ್ಮದ," ಎಂದಳು ಕಡೆಗೆ. "ಬಾವಿ ಕಡೀದು."

ಮೈಬೂಬ ಬಾಗಿಲಲ್ಲೇ ನಿಂತು ಬರೆಯುವ ಪುಸ್ತಕ ತೆಗೆದ.

"ಲಿಂಗ ಮುಟ್ಟಿ ಸುಳ್ಳು ಹೇಳಾಕ ಆಗಲಿಲ್ಲಪಾ ನನಗ. ಖರೇನ ಹೇಳಿದೆ. ನೀ ನಮ್ಮ ಕಡ್ಯಾಂವ ಅಂತ ಕೇಳಿದ್ದೆ, ತಿಳಕೋತಾನ ಅಂದ್ಕೊಂಡೆ. ನೀ ಏನೋ ಬರಕೊಂಡು ಬಟ್ಟು ಒತ್ತಿಸ್ಕೊಂಡು ಹೋದಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ತಾಯಿ ಠಾಣೆ ಮುಂದ ಕುಂತಾಳಂತಲ್ಲ."

ಅವನು ಟೊಪ್ಪಿಗೆ ಎತ್ತಿಕೊಂಡು ಎದ್ದ.

ಗೌಡರ ಹೊಲ ಬಾಗೇವಾಡಿ ರಸ್ತೆಗೆ ಹೊಂದಿಕೊಂಡೇ ಇತ್ತು. ಕೊಲ್ಹಾರದ ಸೇತುವೆ ದಾಟಿ ಬರುವವರಿಗೆ ಊರಿಗಿಂತ ಮೊದಲು ಸಿಗುವುದು ಅದೇ. ಎದೆ ಮಟ್ಟದ ಬಿಳಿಜೋಳ ನಿಂತಿತ್ತು. ಶ್ರೀಶೈಲಪ್ಪ ಒಂದು ತೆನೆ ಹಿಸುಕಿ ನೋಡಿದ. ಕಾಳು ಇನ್ನೂ ಮೆತ್ತಗಿತ್ತು. ಕೊಯ್ಲಿಗೆ ತಿಂಗಳಾದರೂ ಬೇಕು. ಆದರೆ ಬಾವಿಯ ಮಗ್ಗುಲಲ್ಲಿ ರಾಶಿ ಮಾಡುವ ಕಣ ಆಗಲೇ ತಯಾರಾಗಿತ್ತು. ನೆಲ ಕೆತ್ತಿ, ನೀರು ಹೊಡೆದು, ಬಡಿದು, ಸಗಣಿಯಿಂದ ಸಾರಿಸಿದ್ದರು. ಜೋಳ ಕೊಯ್ಯುವ ಮೊದಲೇ ಕಣ ಮಾಡುವ ರೈತ ಈ ಸೀಮೆಯಲ್ಲಿ ಹುಟ್ಟಿಲ್ಲ.

ತಹಶೀಲ್ದಾರರು ಬರುವಷ್ಟರಲ್ಲಿ ಹನ್ನೆರಡೂವರೆ. ತಾಲ್ಲೂಕಿನ ಡಾಕ್ಟರರು, ಇಬ್ಬರು ಪಂಚರು, ಅಗೆಯುವವರು ಬಂದರು. ಗುಂಡವ್ವನೂ ಬಂದಳು, ಯಾರೂ ಹೇಳಿ ಕಳಿಸಿರಲಿಲ್ಲ. ಕಣದ ಸಾರಣೆ ಒಡೆದು ಎರಡು ಮೊಳ ಅಗೆಯುತ್ತಲೇ ಕರಿಮಣ್ಣಿನಲ್ಲಿ ಹಳದಿ ಬನಿಯನ್ ಕಾಣಿಸಿತು. ಮಾನಪ್ಪ ಹತ್ತಿರ ಹೋಗಿ ನೋಡಿ ತಲೆ ಆಡಿಸಿದ. ತಲೆಯ ಹಿಂಭಾಗಕ್ಕೆ ಬಲವಾದ ಪೆಟ್ಟು ಎಂದು ಡಾಕ್ಟರರು ಬರೆಸಿದರು.

ಸೈಕಲ್ಲು ಹೋದ ವರ್ಷದ ಜೋಳದ ಕಣಿಕೆಯ ಬಣವೆಯೊಳಗೆ ಸಿಕ್ಕಿತು. ಕೆಂಪು ಬಣ್ಣದ್ದು, ಸಿಂದಗಿಯ ಅಂಗಡಿಯಲ್ಲಿ ಅಳಿದುಳಿದ ಸಾಮಾನು ಕೂಡಿಸಿ ಪ್ರೇಮಕುಮಾರ ತಾನೇ ಕಟ್ಟಿಕೊಂಡದ್ದು. ಚೌಕಟ್ಟಿಗೆ ಬಾಟಲಿ ಹಾಗೇ ಇತ್ತು, ತುಂಬ ನೀರಿತ್ತು. ಮೈಬೂಬ ಅದನ್ನು ಪಂಚರ ಎದುರು ಚೀಲಕ್ಕೆ ಹಾಕಿ ಅರಗು ಹಚ್ಚಲು ಹೊರಟಾಗ ಗುಂಡವ್ವ ಮುಂದೆ ಬಂದಳು.

"ಅದೇನ್ರಿ?"

ಶ್ರೀಶೈಲಪ್ಪ ಹೇಳಿದ. "ಸಮುದ್ರದ ನೀರು, ಯವ್ವಾ. ನಿನಗ ತಂದಿದ್ದಂತ."

ಮುಚ್ಚಳದ ಹೊರಗೆ ಜಿನುಗಿ ಒಣಗಿದ ಬಿಳಿ ಕಲೆ ಇತ್ತು. ಅದಕ್ಕೆ ಬೆರಳು ಮುಟ್ಟಿಸಿ ನಾಲಿಗೆಗೆ ಹಚ್ಚಿಕೊಂಡಳು. ಸಾಕ್ಷ್ಯವನ್ನು ಮುಟ್ಟಬಾರದು ಎಂದು ತಹಶೀಲ್ದಾರರು ಬಾಯಿ ತೆರೆದರು. ಶ್ರೀಶೈಲಪ್ಪ ನಡುವೆ ಬಂದು ನಿಂತ.

"ಉಪ್ಪೈತಿ," ಎಂದಳು ಗುಂಡವ್ವ, ಗಂಡನ ಕಡೆ ತಿರುಗಿ. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು. ಈ ಆರು ದಿನ ಅತ್ತಿರದವಳು.

ಸಂಜೆ ನಾಲ್ಕೂವರೆಗೆ ಪಂಚನಾಮೆ ಮುಗಿಯಿತು. ಐದಕ್ಕೆ ಠಾಣೆಯಲ್ಲಿ ಅನಿಲನನ್ನೂ ಮಡಿವಾಳಪ್ಪ ಗೌಡನನ್ನೂ ಬಂಧಿಸಿದರು. ಕೊಲೆ, ಸಾಕ್ಷ್ಯನಾಶ, ಜೊತೆಗೆ ದೌರ್ಜನ್ಯ ತಡೆ ಕಾಯಿದೆ. ಆ ಕಾಯಿದೆ ಸೇರಿದ ಮೇಲೆ ತನಿಖೆ ಡಿವೈಎಸ್‌ಪಿಯವರದು. ಮರುದಿನ ಕಡತ ಅವರ ಕೈಗೆ ಹೋಗಬೇಕು. ಅದಕ್ಕೆ ಮೊದಲು ಶ್ರೀಶೈಲಪ್ಪ ಅನಿಲನ ಎದುರು ಕೂತ.

"ಏನಾತು?"

"ಸಂಜಿ ಮುಂದ ಹೊಲಕ್ಕ ಬಂದ್ವಿ. ಅಪ್ಪ ಬಂದು ಕಾಯಾಕತ್ತಿದ್ದ. ಮರುದಿನ ಮೆರವಣಿಗಿ ಅಂದ. ಅನಿಲ ಸೈಕಲ್ ಮ್ಯಾಲ ಬರಲಿ, ಪ್ರೇಮ್ಯಾ ಅಗಸ್ಯಾಗ ಇಳಿದು ಕೈಯಾಗ ಹಿಡಕೊಂಡು ಬರಲಿ, ಗುಡಿ ದಾಟಿದ ಮ್ಯಾಲ ಹತ್ಲಿ ಅಂದ."

ಎರಿಹಾಳದಲ್ಲಿ ಆಚೆ ಓಣಿಯವರು ಅಗಸಿಯೊಳಗೆ ಸೈಕಲ್ ಏರಿ ಬರುವುದಿಲ್ಲ. ಹಾಗೆಂದು ಎಲ್ಲಿಯೂ ಬರೆದಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಅಗಸಿ ಬಂದಾಗ ಇಳಿಯುತ್ತಾರೆ, ಅಷ್ಟೇ. ಜಿಲ್ಲೆಗೇ ಮೊದಲು ಬಂದ ಹುಡುಗನೂ ಸೈಕಲ್ ಕಲಿತಂದಿನಿಂದ ಇಳಿದಿದ್ದ.

"ಅಂವ ಏನಂದ?"

"ಒಲ್ಲೆ ಅಂದ. ಹುಲಿ ಇರೋ ಹಾದ್ಯಾಗ ನಾ ಮುಂದಿದ್ದೆ, ಅನಿಲ್ಯಾ ನನ್ನ ಹಿಂದಿದ್ದ, ಅಲ್ಲಿ ಯಾರೂ ಇಳಿ ಅನ್ನಲಿಲ್ಲ ಗೌಡ್ರ ಅಂದ."

"ಜಗಳ ನಿಮ್ಮಪ್ಪಂದು, ಅವಂದು. ನೀ ಯಾಕ ಹೊಡದಿ?"

ಅನಿಲ ಅಂಗೈಗಳನ್ನು ನೋಡಿಕೊಂಡ. ಹಿಡಿಕೆ ಹಿಡಿದು ಎದ್ದ ಬೊಕ್ಕೆಗಳು ಇನ್ನೂ ಮಾಗಿರಲಿಲ್ಲ.

"ಅಪ್ಪ ನನ್ನ ಕಡೆ ನೋಡಿದ. ಇವನ್ನ ಜೋಡಿ ಕಟ್ಟಿಕೊಂಡು ಅಡ್ಡಾಡಿದ್ದಕ್ಕ ಇದು ಅಂತ. ಅಂವಾನೂ ನನ್ನ ಕಡೆನ ನೋಡಿದ. ನೀ ಒಂದು ಮಾತು ಹೇಳು ಅನಿಲ್ಯಾ ಅಂದ. ನಾ ಸುಮ್ಮನ ನಿಂತೆ. ಮತ್ತ ಅಂದ, ಒಂದ ಬಾಟ್ಲ್ಯಾಗ ನೀರು ಕುಡದೇವಿ, ಅದನ್ನರ ಹೇಳು ಅಂದ. ಅಪ್ಪನ ಮುಂದ ಅಂದ್ರಿ ಅದನ್ನ." ಅನಿಲ ಅಂಗೈ ಮುಚ್ಚಿದ. "ಅಷ್ಟಂದು ಸೈಕಲ್ ಕಡೆ ತಿರುಗಿದ. ಸಲಿಕಿ ಕೈಗೆ ಸಿಕ್ತು. ಇಬ್ಬರಾಗ ಯಾರದರ ಬಾಯಿ ಮುಚ್ಚಸಬೇಕಾಗಿತ್ರಿ. ಅಪ್ಪಂದು ನನ್ನ ಕೈಲಿ ಆಗ್ತಿರಲಿಲ್ಲ."

ಶ್ರೀಶೈಲಪ್ಪ ಪೆನ್ನು ಎತ್ತಿದ. ಹುಡುಗ ಆಡಿದ್ದನ್ನು ಆಡಿದ ಹಾಗೆಯೇ ಬರೆದ, ಒಂದು ಅಕ್ಷರ ತಿದ್ದಲಿಲ್ಲ. ಇದೇನ್ರೀ ಹಳ್ಳಿ ಭಾಷೆ ಎಂದು ಮರುದಿನ ಡಿವೈಎಸ್‌ಪಿ ಕೇಳಿದರು. ಅವನು ಸೆಲ್ಯೂಟ್ ಹೊಡೆದು ಕಡತವನ್ನು ಮೇಜಿನ ಮೇಲಿಟ್ಟ.

ಆಚೆ ಓಣಿಯವರು ಪ್ರೇಮಕುಮಾರನಿಗೆ ಮಣ್ಣು ಕೊಟ್ಟರು. ಅನಿಲನ ಮನಸ್ಸಿನಲ್ಲಿ ದ್ವೇಷವಿರಲಿಲ್ಲ ಎನ್ನುವುದು ಶ್ರೀಶೈಲಪ್ಪನಿಗೆ ಕಡೆಯ ತನಕ ನುಂಗಲಾಗದ ಮಾತಾಗಿ ಉಳಿಯಿತು. ದ್ವೇಷವಿದ್ದಿದ್ದರೆ ಪ್ರಕರಣ ಅರ್ಥವಾಗುತ್ತಿತ್ತು. ಹುಡುಗನಿಗೆ ಇದ್ದದ್ದು ಅಂಜಿಕೆ, ಅದೂ ಹುಲಿ ಮೊಸಳೆಯದಲ್ಲ, ಅಪ್ಪನ ಮೋರೆಯದು.

ತಿಂಗಳ ಮೇಲೆ ಕೋರ್ಟಿನ ಆದೇಶದಂತೆ ಸೈಕಲ್ಲನ್ನು ತಂದೆಗೆ ಬಿಟ್ಟುಕೊಟ್ಟರು. ಬಾಟಲಿ ಪ್ರಯೋಗಾಲಯದಲ್ಲೇ ಇತ್ತು. ಠಾಣೆಯ ಜೀಪಿನಲ್ಲಿ ಅದನ್ನು ಹೇರಿ, ಗಂಡ ಹೆಂಡತಿಯನ್ನೂ ಕೂರಿಸಿಕೊಂಡು ಶ್ರೀಶೈಲಪ್ಪ ತಾನೇ ಎರಿಹಾಳಕ್ಕೆ ಹೋದ. ಓಣಿಗೆ ಹಿಂದಿನಿಂದ ದಾರಿ ಇತ್ತು. ಅಗಸಿಯ ಹೊರಗೇ ನಿಲ್ಲಿಸಿ ಎಂದಳು ಗುಂಡವ್ವ.

ಮಾನಪ್ಪ ಸೈಕಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಅಭ್ಯಾಸದಂತೆ ತಳ್ಳತೊಡಗಿದ.

"ಹತ್ತು," ಎಂದಳು.

"ನನಗೆಲ್ಲಿ ಬರತೈತಿ?"

"ನಾ ಹಿಡೀತೇನಿ. ಹತ್ತು."

ಮಾನಪ್ಪ ಜೀವಮಾನದಲ್ಲಿ ಮೊದಲ ಸಲ ಸೀಟಿನ ಮೇಲೆ ಕೂತ. ಕಾಲು ಪೆಡಲ್ಲಿಗೆ ಎಟುಕಲಿಲ್ಲ. ಮಗ ಅವನಿಗಿಂತ ಎತ್ತರವಿದ್ದ. ಗುಂಡವ್ವ ಒಂದು ಕೈಯಲ್ಲಿ ಸೀಟು, ಒಂದು ಕೈಯಲ್ಲಿ ಗಂಡನ ತೋಳು ಹಿಡಿದು ಹಿಂದಿನಿಂದ ನೂಕಿದಳು. ಕಲ್ಲಿನ ಕ‌ಮಾನಿಗೆ ತೋರಣದ ದಾರ ಇನ್ನೂ ಇತ್ತು, ಹೂವಿರಲಿಲ್ಲ.

ಒಳಗೆ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಪೊಲೀಸ್ ಜೀಪು ಕಂಡು ಯಾರೂ ಮಾತಾಡಲಿಲ್ಲ. ಕಣ್ಣು ಮಂಜಾದ ಒಬ್ಬ ಮುದುಕನಿಗೆ ಮಾತ್ರ ಜೀಪು ಕಂಡಿರಲಿಕ್ಕಿಲ್ಲ. ಸಿಟ್ಟಿಲ್ಲದೆ, ದಿನದ ಮಾತಿನಂತೆ, "ಏ ಮಾನ್ಯಾ, ಇಳಿಯೋ," ಎಂದ.

ಸೈಕಲ್ ಒಂದು ಕಡೆ ವಾಲಿ ಮಾನಪ್ಪನ ಕಾಲು ತಾನಾಗಿಯೇ ನೆಲಕ್ಕೆ ಇಳಿಯಿತು.

"ಕಾಲು ಎತ್ತು," ಎಂದಳು ಗುಂಡವ್ವ, ಮತ್ತೆ ನೂಕಿದಳು.